ಓದುಗರ ಪ್ರಶ್ನೆ: ಕರೋಲಿನಾ ಕೋಸ್ಟ್ನರ್ ಬಗ್ಗೆ ನೀವು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು: ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಿಮಗೆ ತುಂಬಾ ಇಷ್ಟವಾದವರು ಯಾರು? ನಾನು ಎರಡೇ ಸಾಲಿನಲ್ಲಿ ಉತ್ತರಿಸಿದ್ದೆ. ಇಟಲಿಯ ಫಿಗರ್ ಸ್ಕೇಟರ್ (ಅಂದರೆ ಐಸ್ ಮೇಲೆ ಸಂಗೀತಕ್ಕೆ ಸ್ಕೇಟ್ ಮಾಡುತ್ತಾ ಜಂಪ್ ಹಾಕುವವರು) ಕರೋಲಿನಾ ಕೋಸ್ಟ್ನರ್, 2014ರಲ್ಲಿ ಸೋಚಿಯಲ್ಲಿ ಕಂಚು ಗೆದ್ದವರು ಅಂತ. ಅದಕ್ಕೆ ಇಷ್ಟೊಂದು ಪತ್ರ ಬಂದಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಒಬ್ಬರಿಗಂತೂ ಈ ಆಟವೇ ಹೊಸದು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅವರಿಗೇ ಮೀಸಲು.

ಪ್ರಶ್ನೆ: ಇಟಲಿ ಅಂದರೆ ನಮಗೆ ಫುಟ್‌ಬಾಲ್, ಕಾರ್ ರೇಸು. ಬಿಸಿಲಿನ ದೇಶ ಅಂತ ಬೇರೆ ಕೇಳಿದ್ದೇನೆ. ಅಲ್ಲಿಂದ ಐಸ್ ಮೇಲಿನ ಆಟಗಾರ್ತಿ ಹೇಗೆ ಬಂದರು?
(ಓದುಗರು, ದಾವಣಗೆರೆ)

ಉತ್ತರ: ಇಟಲಿಯ ತಲೆಯ ಭಾಗ ಪೂರ್ತಿ ಆಲ್ಪ್ಸ್ ಬೆಟ್ಟಗಳು. ಅದರಲ್ಲೂ ಆಸ್ಟ್ರಿಯಾ ಗಡಿಗೆ ತಾಗಿಕೊಂಡು ದಕ್ಷಿಣ ಟಿರೋಲ್ ಅನ್ನೋ ಪ್ರದೇಶ ಇದೆ. ಮೊದಲ ಮಹಾಯುದ್ಧ ಮುಗಿಯುವ ತನಕ ಅದು ಆಸ್ಟ್ರಿಯಾದ ಆಳ್ವಿಕೆಯಲ್ಲೇ ಇತ್ತು. ಕರೋಲಿನಾ ಹುಟ್ಟಿದ್ದು ಅಲ್ಲಿನ ಬೊಲ್ಜಾನೊ ಪಟ್ಟಣದಲ್ಲಿ, 1987ರ ಫೆಬ್ರುವರಿ 8ರಂದು. ಬೆಳೆದದ್ದು ವಾಲ್ ಗಾರ್ದೇನಾ ಕಣಿವೆಯ ಒರ್ತಿಸೇಯಿ ಅನ್ನೋ ಊರಲ್ಲಿ. ಸುಮಾರು 1,200 ಮೀಟರ್ ಎತ್ತರದ ಊರು, ಸುತ್ತ ಡೊಲೊಮೈಟ್ ಬೆಟ್ಟಗಳು. ಮರದ ಕೆತ್ತನೆಗೆ ಹೆಸರುವಾಸಿ. ಅಲ್ಲಿಯವರ ಮನೆಮಾತು ಇಟಾಲಿಯನ್ ಅಲ್ಲ, ಲದೀನ್ ಅನ್ನೋ ಪುಟ್ಟ ಭಾಷೆ. ಜೊತೆಗೆ ಜರ್ಮನ್, ಇಟಾಲಿಯನ್ ಎರಡೂ ನಡೆಯುತ್ತವೆ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮ ಕರಾವಳಿಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಮನೆಯಲ್ಲೂ ಎಲ್ಲರೂ ಆಟದವರೇ. ತಾಯಿ ರಾಷ್ಟ್ರ ಮಟ್ಟದಲ್ಲಿ ಸ್ಕೇಟಿಂಗ್ ಮಾಡಿದವರು. ತಂದೆ ಎರ್ವಿನ್ ಕೋಸ್ಟ್ನರ್ ಇಟಲಿ ತಂಡದಲ್ಲಿ ಐಸ್ ಹಾಕಿ ಆಡಿದವರು, 1984ರ ಸರಯೆವೊ ಒಲಿಂಪಿಕ್ಸ್‌ನಲ್ಲೂ ಆಡಿದ್ದರು (ಈ ಸರಯೆವೊ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ). ಕಸಿನ್ ಇಸೋಲ್ಡೆ ಕೋಸ್ಟ್ನರ್ ಹೆಸರಾಂತ ಸ್ಕೀಯರ್, ಒಲಿಂಪಿಕ್ಸ್‌ನಲ್ಲಿ ಮೂರು ಪದಕ ಗೆದ್ದವರು. ಹೀಗಿರುವಾಗ ನಾಲ್ಕನೇ ವಯಸ್ಸಿಗೇ ಕಾಲಿಗೆ ಬ್ಲೇಡ್ ಕಟ್ಟಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ನನಗೆ ಆಶ್ಚರ್ಯ ಅನ್ನಿಸಿದ್ದು ಅದರ ನಂತರದ್ದು. 2001ರಲ್ಲಿ, 14 ವರ್ಷದ ಹುಡುಗಿ, ಮನೆ ಬಿಟ್ಟು ಜರ್ಮನಿಯ ಓಬರ್ಸ್ಟ್‌ಡಾರ್ಫ್‌ಗೆ ಹೋದಳು, ಮೈಕೆಲ್ ಹೂತ್ ಅನ್ನೋ ಕೋಚ್ ಹತ್ತಿರ ಕಲಿಯೋಕೆ. ಮುಂದಿನ ಹದಿನೈದು ವರ್ಷದ ಗೆಲುವು, ಸೋಲು, ಕಡೆಗೆ ಬಂದ ದೊಡ್ಡ ತೊಂದರೆ, ಎಲ್ಲಕ್ಕೂ ಆ ಊರಿನ ನಂಟಿದೆ.

ಪ್ರಶ್ನೆ: ಎರಡು ಸಲ ಬಿದ್ದವರಿಗೆ ಪದಕ ಸಿಗುತ್ತದೆ, ಬೀಳದವರಿಗೆ ಸಿಗುವುದಿಲ್ಲ. ಈ ಆಟದ ಮಾರ್ಕ್ಸ್ ಲೆಕ್ಕ ನನಗೆ ಅರ್ಥವೇ ಆಗಿಲ್ಲ. ಸ್ವಲ್ಪ ಬಿಡಿಸಿ ಹೇಳಿ.
(ಓದುಗರು, ಮಂಡ್ಯ)

ಉತ್ತರ: ಒಬ್ಬೊಬ್ಬರೂ ಎರಡು ಸಲ ಆಡಬೇಕು. ಮೊದಲ ದಿನ ಶಾರ್ಟ್ ಪ್ರೋಗ್ರಾಂ, ಕರೋಲಿನಾ ಕಾಲದಲ್ಲಿ 2 ನಿಮಿಷ 50 ಸೆಕೆಂಡ್ ಇತ್ತು. ಇನ್ನೊಂದು ದಿನ ಫ್ರೀ ಸ್ಕೇಟ್, ಸುಮಾರು 4 ನಿಮಿಷ. ಎರಡೂ ಕೂಡಿಸಿದರೆ ಒಟ್ಟು ಮಾರ್ಕ್ಸ್.

ಒಂದೊಂದರಲ್ಲೂ ಎರಡು ಪಾಲು. ಒಂದು, ನೀವು ಏನು ಮಾಡಿದಿರಿ ಅನ್ನೋದಕ್ಕೆ. ಪ್ರತಿ ಜಂಪಿಗೂ ಒಂದು ಬೆಲೆ ಇದೆ. 2012ರ ಸುಮಾರಿಗೆ ಗಾಳಿಯಲ್ಲಿ ಮೂರು ಸುತ್ತಿನ ಟೋ ಲೂಪ್‌ಗೆ 4.1, ಅದೇ ಮೂರು ಸುತ್ತಿನ ಲಟ್ಜ್‌ಗೆ 6.0 ಇತ್ತು. ಜಂಪ್ ಚೆನ್ನಾಗಿದ್ದರೆ ಜಡ್ಜ್‌ಗಳು ಅದಕ್ಕೆ ಕೂಡಿಸುತ್ತಾರೆ, ಕೆಟ್ಟದಾಗಿದ್ದರೆ ಕಳೆಯುತ್ತಾರೆ. ಬಿದ್ದರೆ ಅದರ ಮೇಲೆ ಇನ್ನೂ 1 ಮಾರ್ಕ್ ಕಡಿತ. ಇನ್ನೊಂದು ಪಾಲು, ನೀವು ಹೇಗೆ ಸ್ಕೇಟ್ ಮಾಡಿದಿರಿ ಅನ್ನೋದಕ್ಕೆ. ಆಗ ಇದಕ್ಕೆ ಐದು ವಿಭಾಗ ಇದ್ದವು: ಸ್ಕೇಟಿಂಗ್ ಕೌಶಲ, ಒಂದು ಚಲನೆಯಿಂದ ಇನ್ನೊಂದಕ್ಕೆ ಹೋಗುವ ರೀತಿ, ಪ್ರದರ್ಶನ, ಜೋಡಣೆ, ಸಂಗೀತವನ್ನು ಮೈಗೆ ತಂದುಕೊಳ್ಳುವುದು. ಪ್ರತಿಯೊಂದಕ್ಕೂ 10ಕ್ಕೆ ಇಷ್ಟು ಅಂತ. ಮಹಿಳೆಯರ ಫ್ರೀ ಸ್ಕೇಟ್‌ನಲ್ಲಿ ಆ ಮೊತ್ತವನ್ನು 1.6ರಿಂದ ಗುಣಿಸುತ್ತಿದ್ದರು, ಹಾಗಾಗಿ ಇದರ ಒಟ್ಟು ಗರಿಷ್ಠ 80. ಅಂದರೆ ಒಂದು ಜಂಪ್‌ನಲ್ಲಿ ಬಿದ್ದರೂ ಈ ಭಾಗದಲ್ಲಿ ಗಟ್ಟಿಯಾಗಿದ್ದರೆ ಮೇಲೆ ಬರಬಹುದು. ಇದು ಮೋಸ ಅಲ್ಲ, ಆಟದ ನಿಯಮವೇ ಹಾಗೆ.

ಇನ್ನು ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಮೂರು ಸುತ್ತಿನ ಒಂದು ಜಂಪ್ ಗಾಳಿಯಲ್ಲಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ, ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ಫ್ರೀ ಸ್ಕೇಟ್‌ನಲ್ಲಿ ಎಲ್ಲ ಜಂಪ್ ಸೇರಿಸಿದರೂ ಹತ್ತು ಸೆಕೆಂಡ್ ಆಗುವುದಿಲ್ಲ. ನಾಲ್ಕು ನಿಮಿಷದಲ್ಲಿ ಹತ್ತು ಸೆಕೆಂಡ್! ಉಳಿದ 230 ಸೆಕೆಂಡ್ ಅವರು ನೆಲದ ಮೇಲೆ, ಅಂದರೆ ಐಸ್ ಮೇಲೆ ಇರುತ್ತಾರೆ. ನಾವು ಟಿವಿಯಲ್ಲಿ ನೋಡುವಾಗ ಆ ಹತ್ತು ಸೆಕೆಂಡ್ ಮಾತ್ರ ನೋಡುತ್ತೇವೆ, ಬಿದ್ದರಾ ನಿಂತರಾ ಅಂತ. ಕರೋಲಿನಾ ದೊಡ್ಡವರಾದದ್ದು ಉಳಿದ 230 ಸೆಕೆಂಡಿನಲ್ಲಿ.

ಬ್ಲೇಡಿನ ದಪ್ಪ ಸುಮಾರು 4 ಮಿಲಿಮೀಟರ್. ಅದರ ಅಡಿ ಸಪಾಟಾಗಿಲ್ಲ, ಉದ್ದಕ್ಕೂ ನಡುವೆ ಸಣ್ಣ ಕಾಲುವೆಯ ಹಾಗೆ ತೋಡಿರುತ್ತಾರೆ. ಹಾಗಾಗಿ ಒಂದು ಬ್ಲೇಡಿಗೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಒಳ್ಳೆಯ ಸ್ಕೇಟರ್ ಯಾವಾಗಲೂ ಒಂದು ಅಂಚಿನ ಮೇಲೆ ವಾಲಿಕೊಂಡೇ ಹೋಗುತ್ತಾರೆ. ಅದರಿಂದಲೇ ಆ ದೊಡ್ಡ ದೊಡ್ಡ ಬಾಗಿದ ದಾರಿಗಳು ಬರುತ್ತವೆ. ಕರೋಲಿನಾ ಒಂದು ಸಲ ಕಾಲು ಒತ್ತಿದರೆ 60 ಮೀಟರ್ ಉದ್ದದ ರಿಂಕ್ (ಐಸ್ ಅಂಗಳ) ಚಿಕ್ಕದಾಗಿ ಕಾಣುತ್ತದೆ. ಮೊಣಕಾಲು ಮಡಿಯುತ್ತದೆ, ಮೇಲೇಳುತ್ತದೆ, ವೇಗ ಜಾಸ್ತಿಯಾಗುತ್ತದೆ. ಎಲ್ಲೂ ಒದ್ದಾಟ ಕಾಣಿಸುವುದಿಲ್ಲ.

ಪ್ರಶ್ನೆ: ಟುರಿನ್‌ನಲ್ಲಿ ಧ್ವಜ ಹಿಡಿದರು, ಪದಕ ಇಲ್ಲ. ವ್ಯಾಂಕೂವರ್‌ನಲ್ಲೂ ಇಲ್ಲ. ಒತ್ತಡ ತಡೆಯಲಾಗದ ಆಟಗಾರ್ತಿ ಅಂತ ಎಲ್ಲೋ ಓದಿದೆ. ನಿಜವೇ?
(ಓದುಗರು, ಕಲಬುರಗಿ)

ಉತ್ತರ: ಸೋತದ್ದು ನಿಜ. ಆದರೆ ಆ ಮಾತಿನಲ್ಲಿ ಅರ್ಧ ಕತೆ ಮಾತ್ರ ಇದೆ.

2005ರಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹದಿನೆಂಟು ತುಂಬಿದ ಕರೋಲಿನಾ ಕಂಚು ಗೆದ್ದರು. 1978ರಲ್ಲಿ ಸುಸಾನ್ನಾ ದ್ರಿಯಾನೊ ಗೆದ್ದ ಮೇಲೆ ಇಟಲಿಯ ಮಹಿಳೆಗೆ ಸಿಂಗಲ್ಸ್‌ನಲ್ಲಿ ಪದಕ ಬಂದಿದ್ದು ಆಗಲೇ. ಮಾರನೇ ವರ್ಷವೇ ಒಲಿಂಪಿಕ್ಸ್, ಅದೂ ಇಟಲಿಯಲ್ಲಿ, ಟುರಿನ್‌ನಲ್ಲಿ. ಇಡೀ ದೇಶಕ್ಕೆ ಒಂದು ಮುಖ ಬೇಕಿತ್ತು. 2006ರ ಫೆಬ್ರುವರಿ 10ರಂದು ಉದ್ಘಾಟನೆಯ ದಿನ ಧ್ವಜ ಅವರ ಕೈಗೆ ಬಂತು. ಅವರಿಗೆ 19 ತುಂಬಿ ಎರಡು ದಿನ ಆಗಿತ್ತು ಅಷ್ಟೇ. ಅದರ ಹಿಂದಿನ ಸಲ, 2002ರಲ್ಲಿ, ಧ್ವಜ ಹಿಡಿದವರು ಕಸಿನ್ ಇಸೋಲ್ಡೆ. ಎರಡು ಒಲಿಂಪಿಕ್ಸ್‌ನಲ್ಲಿ ಸತತವಾಗಿ ಒಂದೇ ಕುಟುಂಬದ ಹೆಸರು. ಇಷ್ಟೆಲ್ಲ ಹೊತ್ತುಕೊಂಡು ಐಸ್‌ಗೆ ಇಳಿದ ಹುಡುಗಿ 9ನೇ ಸ್ಥಾನಕ್ಕೆ ಬಂದರು. ಹತ್ತೊಂಬತ್ತರ ವಯಸ್ಸಿಗೆ ಅದು ಕೆಟ್ಟ ಫಲಿತಾಂಶ ಅಲ್ಲವೇ ಅಲ್ಲ, ಆದರೆ ಕಾದು ಕೂತಿದ್ದವರಿಗೆ ಹಾಗೆ ಕಾಣಿಸಿತು.

ನಂತರ ಏನಾಯಿತು ನೋಡಿ. 2007ರಲ್ಲಿ ವಾರ್ಸಾದಲ್ಲಿ ಯುರೋಪಿಯನ್ ಚಾಂಪಿಯನ್. ಇಟಲಿಯ ಮಹಿಳೆಯೊಬ್ಬರು ಅದನ್ನು ಗೆದ್ದಿದ್ದು ಅದೇ ಮೊದಲು. 2008ರಲ್ಲಿ ಜಾಗ್ರೆಬ್‌ನಲ್ಲಿ ಮತ್ತೆ ಚಿನ್ನ, ಅದೇ ವರ್ಷ ಸ್ವೀಡನ್‌ನ ಯೋತೆಬೊರಿಯಲ್ಲಿ ವಿಶ್ವ ಬೆಳ್ಳಿ, ಜಪಾನಿನ ಮಾವೊ ಅಸಾದಾ ನಂತರ. ಆಮೇಲೆ 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 12ನೇ ಸ್ಥಾನಕ್ಕೆ ಜಾರಿದರು. ಬೇಸರದಲ್ಲಿ ಹೂತ್ ಅವರನ್ನು ಬಿಟ್ಟು ಅಮೆರಿಕಕ್ಕೆ ಹೋದರು, ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಕ್ಯಾರಲ್ ಹತ್ತಿರ. ಕ್ಯಾರಲ್ ದೊಡ್ಡ ಕೋಚ್, ಅವರ ಶಿಷ್ಯ ಇವಾನ್ ಲೈಸಾಚೆಕ್ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಕರೋಲಿನಾ 2010ರ ಜನವರಿಯಲ್ಲಿ ಟ್ಯಾಲಿನ್‌ನಲ್ಲಿ ಮೂರನೇ ಸಲ ಯುರೋಪಿಯನ್ ಚಾಂಪಿಯನ್ ಆದರು. ಒಂದೇ ತಿಂಗಳಲ್ಲಿ, ವ್ಯಾಂಕೂವರ್‌ನ ಫ್ರೀ ಸ್ಕೇಟ್‌ನಲ್ಲಿ, ಮತ್ತೆ ಮತ್ತೆ ಬಿದ್ದರು. 16ನೇ ಸ್ಥಾನ.

ಆ ವಿಡಿಯೋ ನಾನು ಒಂದೇ ಸಲ ನೋಡಿದ್ದೇನೆ, ಮತ್ತೆ ನೋಡುವ ಮನಸ್ಸಾಗಿಲ್ಲ. ಜನವರಿಯಲ್ಲಿ ಯುರೋಪಿನಲ್ಲೇ ಮೊದಲ ಸ್ಥಾನ, ಫೆಬ್ರುವರಿಯಲ್ಲಿ ಹದಿನಾರನೇ ಸ್ಥಾನ. ಇದನ್ನು ಸುಮ್ನೆ "ಒತ್ತಡ" ಅಂದುಬಿಟ್ಟರೆ, 2007ರಲ್ಲಿ, 2008ರಲ್ಲಿ, 2010ರ ಜನವರಿಯಲ್ಲಿ ಒತ್ತಡ ಇರಲಿಲ್ಲವೇ ಅಂತ ಕೇಳಬೇಕಾಗುತ್ತದೆ. ನನಗೆ ಅನ್ನಿಸುವುದು ಇಷ್ಟು: ಅವರ ಜಂಪ್‌ಗಳು ತುಂಬಾ ವೇಗದಲ್ಲಿ, ತುಂಬಾ ಎತ್ತರಕ್ಕೆ ಹೋಗುತ್ತಿದ್ದವು. ಅಷ್ಟು ವೇಗದಲ್ಲಿ ಬಂದಾಗ ಒಂದು ಕೂದಲೆಳೆ ತಪ್ಪಿದರೂ ನೇರ ನೆಲಕ್ಕೆ. ನಿಧಾನವಾಗಿ ಬಂದು ಪುಟ್ಟ ಜಂಪ್ ಹಾಕುವವರಿಗೆ ಈ ಅಪಾಯ ಕಡಿಮೆ. ಕರೋಲಿನಾ ವೇಗ ಬಿಡಲಿಲ್ಲ. ಅದಕ್ಕೆ ಬೆಲೆ ಕೊಟ್ಟರು.

ಪ್ರಶ್ನೆ: ಹದಿನಾಲ್ಕು ಹದಿನೈದಕ್ಕೇ ಗೆಲ್ಲುವ ಆಟ ಇದು ಅಂತಾರೆ. ಇವರು 25ಕ್ಕೆ ವಿಶ್ವ ಚಾಂಪಿಯನ್ ಆದದ್ದು ಹೇಗೆ?
(ಓದುಗರು, ಶಿರಸಿ)

ಉತ್ತರ: ಅಮೆರಿಕದ ತಾರಾ ಲಿಪಿನ್ಸ್‌ಕಿ 1997ರಲ್ಲಿ 14ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆಗಿದ್ದರು. ಆ ಲೆಕ್ಕದಲ್ಲಿ 25 ಅಂದರೆ ಅಜ್ಜಿ ವಯಸ್ಸು ಅಂತ ಜನ ಅಂದುಕೊಳ್ಳುತ್ತಾರೆ. ಮೈ ಸಣ್ಣದಿದ್ದಾಗ ಗಾಳಿಯಲ್ಲಿ ತಿರುಗುವುದು ಸುಲಭ, ಅದು ನಿಜವೇ. ಆದರೆ ಅಂಚಿನ ಮೇಲಿನ ಹಿಡಿತ, ಮೊಣಕಾಲಿನ ಮೃದುತನ, ಸಂಗೀತ ಕೇಳುವ ಕಿವಿ, ಇವೆಲ್ಲ ಬರುವುದಕ್ಕೆ ವರ್ಷಗಳು ಬೇಕು.

ಇಲ್ಲಿ ಒಂದು ವಿಚಿತ್ರ ತಿರುವು ಇದೆ. ವ್ಯಾಂಕೂವರ್ ನಂತರ ಅವರು ಮತ್ತೆ ಓಬರ್ಸ್ಟ್‌ಡಾರ್ಫ್‌ಗೆ, ಹೂತ್ ಹತ್ತಿರ ವಾಪಸ್ ಬಂದರು. ಗಾಯದಿಂದಾಗಿ 2010–11ರಲ್ಲಿ ಲಟ್ಜ್ ಮತ್ತು ಫ್ಲಿಪ್ ಎರಡನ್ನೂ ಬಿಡಬೇಕಾಯಿತು. ಎರಡೂ ದುಬಾರಿ ಜಂಪ್‌ಗಳು. ಎರಡಕ್ಕೂ ಬ್ಲೇಡಿನ ಮುಂದಿನ ಹಲ್ಲುಗಳನ್ನು ಐಸ್‌ಗೆ ಚುಚ್ಚಿ ಮೇಲೇಳಬೇಕು. ಅವಿಲ್ಲದೆ ದೊಡ್ಡ ಸ್ಪರ್ಧೆಗೆ ಹೋಗುವುದು ಅಂದರೆ ಅಕ್ಕಿ ಇಲ್ಲದೆ ಮದುವೆ ಅಡುಗೆಗೆ ಇಳಿದ ಹಾಗೆ. ಆದರೂ ಆ ವರ್ಷ ಯುರೋಪಿಯನ್ ಬೆಳ್ಳಿ, ವಿಶ್ವ ಕಂಚು ಬಂದವು. ಜಂಪ್‌ನಿಂದ ಬರುವ ಮಾರ್ಕ್ಸ್ ಕಡಿಮೆ ಆದದ್ದರಿಂದ ಉಳಿದದ್ದೆಲ್ಲ ಇನ್ನೂ ಚೆನ್ನಾಗಿರಲೇಬೇಕಿತ್ತು, ಮತ್ತು ಅದು ಆಯಿತು. ಕೆನಡಾದ ಲೋರಿ ನಿಕೋಲ್ ಅವರ ಕೊರಿಯೋಗ್ರಫಿ ಇದಕ್ಕೆ ದೊಡ್ಡ ಆಸರೆ. ಸುಮ್ನೆ ಕೈ ಬೀಸುವುದು, ಜಂಪಿಗೆ ಕಾಯುತ್ತಾ ಓಡುವುದು, ಅಂಥದ್ದೆಲ್ಲ ಅವರ ಪ್ರೋಗ್ರಾಂಗಳಿಂದ ಮಾಯವಾಯಿತು.

2011ರ ಡಿಸೆಂಬರ್‌ನಲ್ಲಿ ಕೆನಡಾದ ಕ್ಯುಬೆಕ್‌ನಲ್ಲಿ ಗ್ರಾಂಡ್ ಪ್ರಿ ಫೈನಲ್ (ಸೀಸನ್‌ನ ಅಗ್ರ ಸ್ಕೇಟರ್‌ಗಳ ಸ್ಪರ್ಧೆ) ಗೆದ್ದರು. 2012ರ ಜನವರಿಯಲ್ಲಿ ಶೆಫೀಲ್ಡ್‌ನಲ್ಲಿ ಯುರೋಪಿಯನ್ ಚಿನ್ನ. ಮಾರ್ಚ್ ಕೊನೆಗೆ ಫ್ರಾನ್ಸಿನ ನೀಸ್ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಸಂಗೀತ ಮೊಜಾರ್ಟ್‌ನ 23ನೇ ಪಿಯಾನೋ ಕನ್ಚರ್ಟೊ. ಒಟ್ಟು 189.94 ಮಾರ್ಕ್ಸ್, ಮೊದಲ ಸ್ಥಾನ. 2003ರಿಂದ ಪ್ರತಿ ವರ್ಷ ಬಂದು, ಅದು ಅವರ ಹತ್ತನೇ ವಿಶ್ವ ಚಾಂಪಿಯನ್‌ಷಿಪ್. ಇಟಲಿಯ ಯಾವ ಮಹಿಳೆಯೂ ಅಲ್ಲಿಯ ತನಕ ಅದನ್ನು ಗೆದ್ದಿರಲಿಲ್ಲ.

ಪ್ರಶ್ನೆ: ಒಟ್ಟು ಎಷ್ಟು ಪದಕ?
(ವಿದ್ಯಾರ್ಥಿನಿ, ತುಮಕೂರು)

ಉತ್ತರ: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರು: 2012ರ ಚಿನ್ನ, 2008 ಮತ್ತು 2013ರ ಬೆಳ್ಳಿ, 2005, 2011, 2014ರ ಕಂಚು. ಯುರೋಪಿಯನ್‌ನಲ್ಲಿ ಹನ್ನೊಂದು, ಅದರಲ್ಲಿ ಐದು ಚಿನ್ನ. 2006ರಿಂದ 2014ರ ತನಕ ಒಂದು ವರ್ಷವೂ ತಪ್ಪದೆ ಯುರೋಪಿಯನ್ ಪದಕ ಬಂದಿದೆ. ಒಲಿಂಪಿಕ್ಸ್‌ನಲ್ಲಿ ಒಂದು.

ಪ್ರಶ್ನೆ: ಆ ಒಂದು ಒಲಿಂಪಿಕ್ ಪದಕವೂ ಕಂಚೇ. ಚಿನ್ನ ಗೆದ್ದವರನ್ನು ಬಿಟ್ಟು ಕಂಚಿನವರನ್ನು ಯಾಕೆ ಇಷ್ಟು ಹೊಗಳುತ್ತೀರಿ?
(ಓದುಗರು, ಹಾಸನ)

ಉತ್ತರ: ನಾನು ಅವರನ್ನು ಮೊದಲು ನೋಡಿದ್ದೇ ಆ ದಿನ. 2014ರ ಫೆಬ್ರುವರಿ, ಸೋಚಿ. ನಮ್ಮಲ್ಲಿ ನಡುರಾತ್ರಿ ಆಗಿತ್ತು, ಮನೆಯಲ್ಲಿ ಎಲ್ಲರೂ ಮಲಗಿದ್ದರು, ಲ್ಯಾಪ್‌ಟಾಪ್ ದನಿ ಕಡಿಮೆ ಮಾಡಿಕೊಂಡು ನೋಡುತ್ತಿದ್ದೆ. ಆಗ ನನಗೆ ಜಂಪ್‌ಗಳ ಹೆಸರೂ ಗೊತ್ತಿರಲಿಲ್ಲ.

ಶಾರ್ಟ್ ಪ್ರೋಗ್ರಾಂ ಶೂಬರ್ಟ್‌ನ ಆವೆ ಮರಿಯಾಗೆ. ಮೊದಲ ಮೂವರ ಮಾರ್ಕ್ಸ್ ನೋಡಿ: ದಕ್ಷಿಣ ಕೊರಿಯಾದ ಯುನಾ ಕಿಮ್ 74.92, ರಷ್ಯಾದ ಅಡೆಲೀನಾ ಸೋಟ್ನಿಕೋವಾ 74.64, ಕರೋಲಿನಾ 74.12. ಒಂದು ಮಾರ್ಕಿನೊಳಗೆ ಮೂವರೂ. ಎರಡು ಒಲಿಂಪಿಕ್ಸ್‌ನಲ್ಲಿ ಸೋತು ಬಂದವರು, 27 ವರ್ಷದವರು, ಆ ಪ್ರಾರ್ಥನೆಯ ಹಾಡಿಗೆ ಎಷ್ಟು ಸಮಾಧಾನವಾಗಿ ಸ್ಕೇಟ್ ಮಾಡಿದರು ಅಂದರೆ, ಅಷ್ಟು ದೊಡ್ಡ ಹಾಲ್‌ನಲ್ಲಿ ಅವರೊಬ್ಬರೇ ಇದ್ದ ಹಾಗೆ ಅನ್ನಿಸಿತು.

ಮಾರನೇ ದಿನ ಫ್ರೀ ಸ್ಕೇಟ್. ರವೆಲ್‌ನ ಬೊಲೆರೊ. ಸೀಸನ್ ಶುರುವಿನಲ್ಲಿ ಬೇರೆ ಸಂಗೀತ ಇಟ್ಟುಕೊಂಡಿದ್ದರು, ಒಲಿಂಪಿಕ್ಸ್‌ಗೆ ಹಿಂದಿನ ವರ್ಷದ ಬೊಲೆರೊಗೇ ಮರಳಿದರು. 2013ರ ವಿಶ್ವ ಬೆಳ್ಳಿ ಇದಕ್ಕೇ ಬಂದಿತ್ತು. 1928ರ ಈ ಸಂಗೀತದಲ್ಲಿ ಒಂದೇ ತಾಳ ಮೊದಲಿಂದ ಕೊನೆಯ ತನಕ ಬದಲಾಗದೆ ನಡೆಯುತ್ತದೆ, ರಾಗವೂ ಹೆಚ್ಚು ಕಡಿಮೆ ಅದೇ, ಸದ್ದು ಮಾತ್ರ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುತ್ತದೆ. ಸ್ಕೇಟರ್‌ಗೆ ಇದು ಕಷ್ಟದ ಸಂಗೀತ. ಮೊದಲೇ ಎಲ್ಲ ಕೊಟ್ಟುಬಿಟ್ಟರೆ ಕೊನೆಗೆ ಏನೂ ಉಳಿಯಲ್ಲ. ನಾಲ್ಕು ನಿಮಿಷ ಸುಸ್ತಾಗುತ್ತಾ ಹೋಗುವ ದೇಹ, ಏರುತ್ತಾ ಹೋಗುವ ಸಂಗೀತ, ಎರಡೂ ಎದುರಾಬದುರು. ಕರೋಲಿನಾ ತಡೆದು ಹಿಡಿದು, ತಡೆದು ಹಿಡಿದು, ಕೊನೆಯ ಒಂದು ನಿಮಿಷದಲ್ಲಿ ಬಿಟ್ಟರು. ಒಂದು ಸಲವೂ ಬೀಳಲಿಲ್ಲ. 142.61. ಅದರಲ್ಲಿ "ಹೇಗೆ ಸ್ಕೇಟ್ ಮಾಡಿದಿರಿ" ಅನ್ನೋ ಪಾಲಿಗೆ 80ಕ್ಕೆ 73ಕ್ಕೂ ಜಾಸ್ತಿ. ಎರಡೂ ಸೇರಿ 216.73. ಕಿಮ್ 219.11, ಸೋಟ್ನಿಕೋವಾ 224.59.

ಚಿನ್ನ ಯಾರಿಗೆ ಹೋಗಬೇಕಿತ್ತು ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ, ಕೊರಿಯಾದಲ್ಲಂತೂ ಅಧಿಕೃತ ದೂರೇ ಹೋಯಿತು. ಆ ಗಲಾಟೆಯಲ್ಲಿ ಮೂರನೇ ಸ್ಥಾನದ ಕಡೆ ಜನ ಸರಿಯಾಗಿ ತಿರುಗಿ ನೋಡಲಿಲ್ಲ, ಅದು ನನಗೆ ಬೇಸರ. ಇಟಲಿಯ ಮಹಿಳೆಗೆ ಈ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು.

ಈಗ ಸರಯೆವೊ. 1984ರಲ್ಲಿ ಅದೇ ಬೊಲೆರೊಗೆ ಬ್ರಿಟನ್‌ನ ಟಾರ್ವಿಲ್ ಮತ್ತು ಡೀನ್ ಜೋಡಿ ಐಸ್ ಡ್ಯಾನ್ಸ್ ಮಾಡಿತ್ತು. ಕಲಾತ್ಮಕತೆಗೆ ಒಂಬತ್ತು ಜಡ್ಜ್‌ಗಳೂ ಪೂರ್ತಿ 6.0 (ಆಗ ಅದೇ ಗರಿಷ್ಠ) ಕೊಟ್ಟಿದ್ದರು. ಆಮೇಲೆ ಸ್ಕೇಟಿಂಗ್‌ನಲ್ಲಿ ಬೊಲೆರೊ ಅಂದರೆ ಅವರದ್ದೇ ಅಂತಾಗಿತ್ತು, ಅದನ್ನು ಮುಟ್ಟುವುದಕ್ಕೇ ಧೈರ್ಯ ಬೇಕು. ಕರೋಲಿನಾ ಆಗಿನ್ನೂ ಹುಟ್ಟಿರಲಿಲ್ಲ. ಅವರ ಅಪ್ಪ ಅದೇ ಊರಲ್ಲಿ, ಅದೇ ಒಲಿಂಪಿಕ್ಸ್‌ನಲ್ಲಿ ಹಾಕಿ ಆಡುತ್ತಿದ್ದರು.

ಪ್ರಶ್ನೆ: ಡೋಪಿಂಗ್ ಕೇಸಿನಲ್ಲಿ ನಿಷೇಧಕ್ಕೆ ಒಳಗಾದವರನ್ನು ಮಕ್ಕಳು ಓದುವ ಪತ್ರಿಕೆಯಲ್ಲಿ ಹೊಗಳುವುದು ಸರಿಯೇ? ಇದನ್ನು ನೀವು ಬೇಕೆಂದೇ ಮರೆಮಾಚಿದಿರಿ.
(ಓದುಗರು, ವಿಜಯಪುರ)

ಉತ್ತರ: ಎರಡು ಸಾಲಿನ ಉತ್ತರದಲ್ಲಿ ಬರೆಯಲಿಲ್ಲ, ಅದು ನನ್ನ ತಪ್ಪು. ನೀವು ಕೇಳಿದ್ದು ಒಳ್ಳೆಯದೇ ಆಯಿತು.

ನಡೆದದ್ದು ಇದು. ಅವರ ಆಗಿನ ಗೆಳೆಯ ಅಲೆಕ್ಸ್ ಶ್ವಾಟ್ಸರ್, ಇಟಲಿಯ ವೇಗದ ನಡಿಗೆ ಆಟಗಾರ, 2008ರ ಬೀಜಿಂಗ್‌ನಲ್ಲಿ 50 ಕಿಲೋಮೀಟರ್‌ನಲ್ಲಿ ಚಿನ್ನ ಗೆದ್ದವರು. 2012ರ ಜುಲೈ 30ರಂದು, ಲಂಡನ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ, ಡೋಪಿಂಗ್ ಪರೀಕ್ಷೆಯವರು ಓಬರ್ಸ್ಟ್‌ಡಾರ್ಫ್‌ನ ಕರೋಲಿನಾ ಮನೆಗೆ ಬಂದರು. ಶ್ವಾಟ್ಸರ್ ಇಲ್ಲಿ ಇಲ್ಲ ಅಂತ ಕರೋಲಿನಾ ಹೇಳಿದರು. ಆದರೆ ಶ್ವಾಟ್ಸರ್ ಒಳಗೇ ಇದ್ದರು. ಅದೇ ದಿನ ಆಮೇಲೆ ಪರೀಕ್ಷೆ ಆಯಿತು, ಇಪಿಒ (ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ನಿಷೇಧಿತ ಮದ್ದು) ಸಿಕ್ಕಿತು, ಶ್ವಾಟ್ಸರ್ ಒಲಿಂಪಿಕ್ಸ್‌ನಿಂದ ಹೊರಬಿದ್ದರು. ಕರೋಲಿನಾ ಯಾವ ಮದ್ದೂ ತೆಗೆದುಕೊಂಡಿದ್ದಲ್ಲ, ಅವರ ಪರೀಕ್ಷೆಯಲ್ಲಿ ಏನೂ ಸಿಕ್ಕಿದ್ದಲ್ಲ. ಆದರೆ ಪರೀಕ್ಷೆಯವರಿಗೆ ಸುಳ್ಳು ಹೇಳಿದ್ದು ನಿಯಮದ ಪ್ರಕಾರ ನೆರವು ಕೊಟ್ಟ ಹಾಗೆಯೇ. 2015ರ ಜನವರಿಯಲ್ಲಿ ಇಟಲಿಯಲ್ಲಿ 16 ತಿಂಗಳ ನಿಷೇಧ ಹಾಕಿದರು. ಅದು ಸ್ವಿಟ್ಜರ್ಲೆಂಡಿನ ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಗಿ 21 ತಿಂಗಳಾಯಿತು, 2014ರ ಏಪ್ರಿಲ್‌ನಿಂದ ಲೆಕ್ಕ ಹಿಡಿದು 2015ರ ಕೊನೆಯ ತನಕ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅವರು ಮಾಡಿದ್ದು ತಪ್ಪು. ಬಾಗಿಲಿಗೆ ಬಂದ ಪರೀಕ್ಷೆಯವರನ್ನು ವಾಪಸ್ ಕಳಿಸಿದರೆ, ಶುದ್ಧವಾಗಿ ಆಡುವ ಬೇರೆ ಆಟಗಾರರಿಗೆ ಅನ್ಯಾಯ. ಪ್ರೀತಿಸಿದವರನ್ನು ಕಾಪಾಡೋಕೆ ಹೇಳಿದ ಸುಳ್ಳು ಅಂತ ಮನಸ್ಸಿಗೆ ಅರ್ಥವಾಗುತ್ತೆ, ಆದರೂ ತಪ್ಪು ತಪ್ಪೇ. ಶಿಕ್ಷೆ ಆಯಿತು, ಅವರು ಪೂರ್ತಿ ಅನುಭವಿಸಿದರು. ಹಾಗಂತ ಐಸ್ ಮೇಲೆ ಮಾಡಿದ್ದೆಲ್ಲ ಸುಳ್ಳು ಅನ್ನೋದನ್ನು ನಾನು ಒಪ್ಪುವುದಿಲ್ಲ, ಅವರ ಪದಕಗಳನ್ನು ಯಾರೂ ವಾಪಸ್ ತೆಗೆದುಕೊಂಡಿಲ್ಲ. ಮಕ್ಕಳು ಓದಿದರೆ ಎರಡನ್ನೂ ಓದಲಿ.

ಪ್ರಶ್ನೆ: ನಿಷೇಧ ಮುಗಿದ ಮೇಲೆ ಬಂದದ್ದು ಬರೀ ಹಟಕ್ಕಾ? ಆ ವಯಸ್ಸಿಗೆ ಗೆಲ್ಲೋದು ಏನಿತ್ತು?
(ಓದುಗರು, ಉಡುಪಿ)

ಉತ್ತರ: ಹಟವೂ ಇದ್ದಿರಬಹುದು. ಆದರೆ ಹಟಕ್ಕೆ ಬಂದವರು ಮೊದಲಿಂದ ಕಲಿಯೋಕೆ ಹೋಗುವುದಿಲ್ಲ. ಕರೋಲಿನಾ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು, ಅಲೆಕ್ಸಿ ಮಿಶಿನ್ ಹತ್ತಿರ. ಒಲಿಂಪಿಕ್ ಚಾಂಪಿಯನ್ ಪ್ಲುಶೆಂಕೊನಂಥವರನ್ನು ತಯಾರು ಮಾಡಿದ, ಜಂಪ್‌ಗಳ ವಿದ್ಯೆಗೆ ಹೆಸರಾದ ಕೋಚ್. 29ನೇ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆಗಿದ್ದವರು ಮತ್ತೆ ಶಿಷ್ಯೆಯಾಗಿ ನಿಂತರು. 2016ರ ಡಿಸೆಂಬರ್‌ನಲ್ಲಿ ಜಾಗ್ರೆಬ್‌ನಲ್ಲಿ ಸ್ಪರ್ಧೆಗೆ ಮರಳಿದರು. 2017ರಲ್ಲಿ ಯುರೋಪಿಯನ್ ಕಂಚು, 2018ರಲ್ಲಿ ಮತ್ತೆ ಕಂಚು, ಅದು ಹನ್ನೊಂದನೆಯದು.

2018ರ ಪ್ಯೋಂಗ್‌ಚಾಂಗ್ ಅವರ ನಾಲ್ಕನೇ ಒಲಿಂಪಿಕ್ಸ್. 31 ವರ್ಷ. ಚಿನ್ನ ಗೆದ್ದ ರಷ್ಯಾದ ಅಲೀನಾ ಜಗಿಟೋವಾಗೆ 15. ಕರೋಲಿನಾ 2003ರ ಮಾರ್ಚ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಡಿದಾಗ ಆ ಹುಡುಗಿಗೆ ಒಂದು ವರ್ಷವೂ ತುಂಬಿರಲಿಲ್ಲ! ಅಲ್ಲಿ ಡೆಬ್ಯುಸಿ ಸಂಗೀತಕ್ಕೆ ಫ್ರೀ ಸ್ಕೇಟ್ ಮಾಡಿ 5ನೇ ಸ್ಥಾನ ಪಡೆದರು. ಆ ವಯಸ್ಸಿಗೆ, ಆ ಸ್ಪರ್ಧೆಯಲ್ಲಿ, ಐದನೆಯದು ಸಣ್ಣದಲ್ಲ.

ಒಂದು ತಿಂಗಳ ನಂತರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಮಿಲಾನ್‌ನಲ್ಲಿ, ಅಂದರೆ ಅವರ ಸ್ವಂತ ದೇಶದಲ್ಲಿ. ಶಾರ್ಟ್ ಪ್ರೋಗ್ರಾಂ ಮುಗಿದಾಗ ಮೊದಲ ಸ್ಥಾನದಲ್ಲಿ ಇದ್ದವರು ಕರೋಲಿನಾ, 80.27. ಹಾಲ್ ಪೂರ್ತಿ ಎದ್ದು ನಿಂತಿತ್ತು. ಹನ್ನೆರಡು ವರ್ಷದ ಹಿಂದೆ ಟುರಿನ್‌ನಲ್ಲಿ ಬಯಸಿದ್ದು ಈಗ ಮಿಲಾನ್‌ನಲ್ಲಿ ಸಿಕ್ಕೇಬಿಡುತ್ತೆ ಅಂತ ನಾನೂ ನಂಬಿದ್ದೆ. ಫ್ರೀ ಸ್ಕೇಟ್‌ನಲ್ಲಿ ತಪ್ಪುಗಳಾದವು. 4ನೇ ಸ್ಥಾನ. ಅದೇ ಅವರ ಕೊನೆಯ ಸ್ಪರ್ಧೆಯಾಯಿತು. ಪದಕ ಬಂದಿದ್ದರೆ ಕತೆ ಚೆನ್ನಾಗಿ ಮುಗಿಯುತ್ತಿತ್ತು ಅಲ್ವಾ ಅಂತ ಅವತ್ತು ತುಂಬಾ ಸಂಕಟಪಟ್ಟಿದ್ದೆ. ಈಗ ಅಷ್ಟು ಅನ್ನಿಸುವುದಿಲ್ಲ. 31ನೇ ವಯಸ್ಸಿನಲ್ಲಿ, ತವರಿನ ಜನರ ಮುಂದೆ, ಒಂದು ರಾತ್ರಿಯಾದರೂ ಪ್ರಪಂಚದಲ್ಲಿ ಎಲ್ಲರಿಗಿಂತ ಮೇಲೆ ಇದ್ದರು.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ನಮ್ಮ ಊರಿನಲ್ಲಿ ಐಸ್ ಇಲ್ಲ. ಅವಳು ಇಂಥದ್ದನ್ನು ಕಲಿಯಲು ದಾರಿ ಇದೆಯೇ?
(ಓದುಗರು, ಬೆಳಗಾವಿ)

ಉತ್ತರ: ಇದೆ. ರೋಲರ್‌ನಲ್ಲಿ ಬರೀ ವೇಗದ ರೇಸ್ ಮಾತ್ರ ಅಲ್ಲ, ಆರ್ಟಿಸ್ಟಿಕ್ ಅನ್ನೋ ವಿಭಾಗವೂ ಇದೆ. ಅದರಲ್ಲಿ ಐಸ್ ಮೇಲಿನ ಜಂಪ್‌ಗಳಾದ ಸಾಲ್ಕೊ, ಲೂಪ್, ಫ್ಲಿಪ್, ಲಟ್ಜ್, ಆಕ್ಸೆಲ್ ಎಲ್ಲವೂ ಇದೇ ಹೆಸರಿನಲ್ಲಿ ಇವೆ. ಗಾಲಿಯ ಮೇಲೂ ಒಳ ಅಂಚು, ಹೊರ ಅಂಚು ಅಂತ ವಾಲುವುದನ್ನೇ ಮೊದಲು ಕಲಿಸುತ್ತಾರೆ. ನಿಮ್ಮ ಕೋಚ್‌ಗೆ ಆರ್ಟಿಸ್ಟಿಕ್ ಗೊತ್ತಿದೆಯಾ ಅಂತ ಮೊದಲು ಕೇಳಿ. ಇಟಲಿ ಈ ರೋಲರ್ ವಿಭಾಗದಲ್ಲೂ ದೊಡ್ಡ ಹೆಸರು. ಐಸ್ ಬೇಕೆಂದರೆ ದೂರ ಹೋಗಬೇಕು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ರಿಂಕ್ ಇದೆ, ಗುರುಗ್ರಾಮದಲ್ಲಿ ಮಾಲ್ ಒಳಗೆ ಒಂದು ಇದೆ, ಶಿಮ್ಲಾದಲ್ಲಿ ಚಳಿಗಾಲಕ್ಕೆ ತಾನಾಗಿ ಹೆಪ್ಪುಗಟ್ಟುವ ಹಳೆಯ ಬಯಲು ರಿಂಕ್ ಇದೆ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಎಂಟು ವರ್ಷಕ್ಕೆ ಅವಸರ ಬೇಡ. ಈಗ ಅಂಚು ಮತ್ತು ಸಮತೋಲ ಗಟ್ಟಿಯಾಗಲಿ, ಜಂಪ್ ಆಮೇಲೆ.

ಪ್ರಶ್ನೆ: ನಾನು ಈ ಆಟ ನೋಡಿಯೇ ಇಲ್ಲ. ಒಂದೇ ಒಂದು ವಿಡಿಯೋ ನೋಡಬೇಕು ಅಂದರೆ ಯಾವುದು? ಏನನ್ನು ಗಮನಿಸಲಿ?
(ಗೃಹಿಣಿ, ಚಿಕ್ಕಮಗಳೂರು)

ಉತ್ತರ: ಸೋಚಿಯ ಆವೆ ಮರಿಯಾ. ಮೂರು ನಿಮಿಷವೂ ಇಲ್ಲ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಮುಖ, ಕೈ ಯಾವುದನ್ನೂ ನೋಡಬೇಡಿ, ಮೊಣಕಾಲು ಮಾತ್ರ ನೋಡಿ. ಜಂಪ್‌ನಿಂದ ಇಳಿದ ತಕ್ಷಣ ಆ ಕಾಲು ಎಷ್ಟು ಮಡಿಯುತ್ತದೆ, ಇಳಿದ ಮೇಲೂ ವೇಗ ಹೇಗೆ ಕಡಿಮೆಯಾಗದೆ ಹಿಂದಕ್ಕೆ ಸಾಗುತ್ತದೆ ಅನ್ನೋದನ್ನು ನೋಡಿ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ. ಹಾಡು ಮೆಲ್ಲಗಾದ ಕಡೆ ಬ್ಲೇಡ್ ಐಸ್ ಸೀಳುವ ಸದ್ದು ಕೇಳಿಸುತ್ತದೆ.